ಒಡ್ಡು ಒಡೆಸಿದ ದಿನ

ಅಬ್ಬಾ,

ಕೊಣ್ಣೂರಿನ ನಮ್ಮ ಹೊಲಕ್ಕೂ ಮಲಪ್ರಭೆಗೂ ನಡುವೆ ನೀವು ಕಟ್ಟಿದ ಒಡ್ಡನ್ನು ಇವತ್ತು ಮುಂಜಾನೆ ಒಡೆಸಿದೆ. ಹೊಳೆ ಒಳಗೆ ಬರಬಾರದೆಂದು ಕಟ್ಟಿದಿರಿ. ಆದರೆ ಹೋದ ವರ್ಷ ಒಡ್ಡು ಏರಿ ಬಂದ ನೀರಿಗೆ ಮರಳಿ ಹೋಗಲು ದಾರಿ ಸಿಗಲಿಲ್ಲ. ಎರಡು ತಿಂಗಳು ಹೊಲದಲ್ಲೇ ನಿಂತು ಕೊಳೆಯಿತು. ನಾನು ಸಣ್ಣವಳಿದ್ದಾಗ ಹೊಳೆ ನಾಲ್ಕು ದಿನ ಬಂದು, ಹೊಸ ಮಣ್ಣು ಹಾಸಿ ಹೋಗುತ್ತಿತ್ತು. ಆ ಹಸಿಯಲ್ಲೇ ನೀವು ಬಿಳಿಜೋಳ ಬಿತ್ತುತ್ತಿದ್ದಿರಿ.

ಜೆಸಿಬಿ ಬಂದಾಗ ಮುನಾವರ ಕಾಕಾ ಅದರ ಮುಂದೆಯೇ ನಿಂತುಬಿಟ್ಟರು.

"ನಮ್ಮಣ್ಣ ಕಟ್ಟಿದ್ದನ್ನ ಒಡಸ್ತಿಯೇನ ನಿಲೋಫರ?"

"ಹೊಳಿ ಬರಲ್ರಿ ಕಾಕಾ, ಬಂದಂಗ ಲಗೂನ ಹೋಗಲಿ. ಆ ತಗ್ಗಿನ್ಯಾಗ ಮುಂಗಾರಿ ಪೀಕ ಬ್ಯಾಡ. ನೀರ ಇಳದ ಮ್ಯಾಲ ಜೋಳ ಬಿತ್ತೂಣು."

"ಇಷ್ಟ ತಿಳಿದಾಕಿ, ಅಂವ ಇದ್ದಾಗ ಯಾಕ ಹೇಳಲಿಲ್ಲ?"

ನಿಮ್ಮನ್ನು ಖಬರಸ್ತಾನಕ್ಕೆ ಒಯ್ದ ದಿನ ಗಂಡಸರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕಿ ಬಂದರು, ಹೆಣ್ಣುಮಕ್ಕಳು ನಾವು ಮನೆಯಲ್ಲೇ ಉಳಿದೆವು. ಇವತ್ತು ಒಡ್ಡು ಹತ್ತಿ, ಕೈಯಿಂದಲೇ ಮೂರು ಹಿಡಿ ಮಣ್ಣು ಕಿತ್ತು ಹೊಳೆಗೆ ಹಾಕಿದೆ. ಅದನ್ನು ಕಂಡು ಕಾಕಾ ತಲೆಯ ಟೋಪಿ ಸರಿಮಾಡಿಕೊಂಡು, ಜೆಸಿಬಿಗೆ ದಾರಿ ಬಿಟ್ಟರು.

"ಎಲ್ಲಿಂದ ಶುರು ಮಾಡ್ಲಿರಿ ಅಕ್ಕಾರ?" ಎಂದು ಡ್ರೈವರ್ ಕೇಳಿದ.

ಒಡ್ಡು ಕಟ್ಟುವ ದಿನ ನೀವು ನನ್ನ ತಲೆಯ ಮೇಲೆ ಮಣ್ಣಿನ ಮೊದಲ ಬುಟ್ಟಿ ಹೊರಿಸಿದಿರಲ್ಲ, ಅಬ್ಬಾ. ಅದನ್ನು ನಾನು ಸುರಿದ ಜಾಗವನ್ನೇ ತೋರಿಸಿದೆ.

ನಿಮ್ಮ ನಿಲೋಫರ