ನೋಟಕಟ್ಟೆಯ ಈಚೆಯಿಂದ

ಹುಬ್ಬಳ್ಳಿ,
ಎರಡು ಸಾವಿರದ ನೂರ ಇಪ್ಪತ್ತೆಂಟು, ಫೆಬ್ರವರಿ ಮೂವತ್ತು

ಪೂಜ್ಯ ಪೂರ್ಣಿಮಾ ಮುತ್ತಜ್ಜಿಯವರಿಗೆ,

ನಿಮ್ಮ ಮರಿಮಗಳು ನೀಲಾಂಬಿಕೆಯ ನಮಸ್ಕಾರಗಳು. ನೂರು ವರ್ಷ ಹಿಂದಕ್ಕೆ ಹೋಗಿ ಈ ಓಲೆ ನಿಮ್ಮ ಕೈ ಸೇರುವಾಗ ನಿಮಗಿನ್ನೂ ಮೂವತ್ತು ತುಂಬಿರಲಿಕ್ಕಿಲ್ಲ, ನನಗಿಂತ ಚಿಕ್ಕವರು. ಆದರೂ ಮುತ್ತಜ್ಜಿಯೇ. ನಿಮ್ಮ ಕ್ಯಾಲೆಂಡರಿನಲ್ಲಿಲ್ಲದ ತಾರೀಕು, ನೀವು ಕೇಳಿರದ ಕೆಲವು ಮಾತು ಈ ಓಲೆಯಲ್ಲಿವೆ. ಬೇಸರಿಸದೆ ಕೊನೆಯವರೆಗೂ ಓದಿ.

ನೀವೀಗ ಟೈಲ್ಸ್ ಕಂಪನಿಯೊಂದರ ಕಚೇರಿಗೆ ನಕ್ಷೆ ಹಾಕುತ್ತಿದ್ದೀರಿ. ಮುಂದೆ ಪ್ರದರ್ಶನ, ಹಿಂದೆ ಕೆಲಸ, ನಡುವೆ ಗೋಡೆಯ ಬದಲು ಗಾಜು. ಬಂದವರಿಗೆ ಸರಕಿನ ಜೊತೆಗೆ ಅದನ್ನು ಮಾಡುವ ಕೈಗಳೂ ಕಾಣಲಿ ಎಂಬುದು ನಿಮ್ಮ ಆಸೆ. ಆ ಕಟ್ಟಡ ಇನ್ನೂ ನಿಂತಿದೆ. ನಾನು ಅಲ್ಲೇ ಕೆಲಸ ಮಾಡುತ್ತೇನೆ. ಈಗ ಟೈಲ್ಸ್ ಮಾಡುವುದು, ಮಾರುವುದು ಎಲ್ಲ ಯಂತ್ರಗಳೇ. ಮನುಷ್ಯರು ಮೇಜಿನ ಮುಂದೆ ಕೂತು ದುಡಿಯುವುದನ್ನು ಕಂಡವರೇ ಅಪರೂಪ. ಹಾಗಾಗಿ ಜನ ಟಿಕೆಟ್ ತೆಗೆದುಕೊಂಡು ನಮ್ಮನ್ನು ನೋಡಲು ಬರುತ್ತಾರೆ. ಇಂಥದಕ್ಕೆ ನಾವು ನೋಟಕಚೇರಿ ಎನ್ನುತ್ತೇವೆ. ಅವರು ನಿಲ್ಲುವ ಮೆಟ್ಟಿಲುಸಾಲೇ ನೋಟಕಟ್ಟೆ. ನಾವು ಟೈಲ್ಸ್ ಮೇಲೆ ಹೂಬಳ್ಳಿ ಬಿಡಿಸುತ್ತೇವೆ, ಚಹಾ ಕುಡಿಯುತ್ತೇವೆ, ಆಕಳಿಸುತ್ತೇವೆ. ಎಲ್ಲಕ್ಕೂ ಗಾಜಿನಾಚೆ ಕಣ್ಣುಗಳು. ಊಟದ ಡಬ್ಬಿ ತೆರೆದರೆ ಮಕ್ಕಳು ಗಾಜಿಗೆ ಮೂಗು ಒತ್ತುತ್ತವೆ. ಇದನ್ನು ಬಿಟ್ಟರೆ ಊರಲ್ಲಿ ಮನುಷ್ಯರಿಗೆ ಬೇರೆ ಕೆಲಸವಿಲ್ಲ. ಇರಲು ಮನೆ ಕೊಟ್ಟವರೂ ಕಚೇರಿಯವರೇ.

ನನ್ನ ಪಕ್ಕದ ಮೇಜು ಫಕೀರಪ್ಪಣ್ಣನದು. ಹೋದ ತಿಂಗಳು ಒಂದು ಮಧ್ಯಾಹ್ನ ಅವನ ಅವ್ವ ತೀರಿಕೊಂಡ ಸುದ್ದಿ ಬಂತು. ಅವನಿಗೆ ಏಳಲಾಗಲಿಲ್ಲ. ಕುಂಚ ಹಿಡಿದುಕೊಂಡೇ ಅತ್ತ. ನೋಟಕಟ್ಟೆ ತುಂಬಿಹೋಯಿತು. ಮಣ್ಣು ಮಾಡಿ ಮರಳಿ ಬಂದ ದಿನ ಮೇಲ್ವಿಚಾರಕಿ ಪಾರ್ವತಕ್ಕ ಅವನ ಬಳಿ ಬಂದಳು.

“ಫಕೀರಪ್ಪಣ್ಣಾರ, ಅವತ್ತ ನೀವು ಅತ್ತಿದ್ದು ಮಂದಿ ಮನಸಿಗೆ ಭಾಳ ನಾಟೇತ್ರಿ. ಮತ್ತ ಅದನ್ನ ಕೇಳಾಕತ್ತಾರ. ಸ್ವಲ್ಪ…”

“ನಮ್ಮವ್ವ ದಿನಾ ಸಾಯ್ತಾಳೇನ್ರಿ?”

ಆಕೆ ತಲೆ ತಗ್ಗಿಸಿದಳು. “ನನಗೂ ಮ್ಯಾಲಿನವ್ರು ಕೇಳ್ತಾರ್ರಿ. ನನಗೂ ಮನಿ ಐತಿ.”

ಅವನು ಒಪ್ಪಲಿಲ್ಲ. ಕಚೇರಿಯವರು ಅವನ ಮನೆಗೆ ನೀರು ಬಿಡುವುದನ್ನು ನಿಲ್ಲಿಸಿದರು. ಆಮೇಲೆ ಒಂದು ಮಧ್ಯಾಹ್ನ ಅತ್ತ. ಮರುದಿನವೂ ಅತ್ತ. ತಡೆಯಲಾರದೆ ಮೆಲ್ಲಗೆ ಕೇಳಿದೆ: “ಅಣ್ಣಾ, ಖರೇನ ಅಳಾಕತ್ತೀಯೇನು?”

“ಗೊತ್ತಾಗವಲ್ದು ತಂಗಿ,” ಎಂದ. “ಅದಽ ನನಗ ಅಂಜಿಕಿ.”

ಎದ್ದು ಹೋಗಿ ಅವನ ಮುಂದಿನ ಗಾಜಿಗೆ ದೊಡ್ಡ ದೊಡ್ಡ ಹಾಳೆಗಳನ್ನು ಅಂಟಿಸಿದೆ. ಕೊನೆಯ ಹಾಳೆ ಅಂಟಿಸುವಷ್ಟರಲ್ಲಿ ಆಚೆಯಿಂದ ಚಪ್ಪಾಳೆ ಕೇಳಿಸಿತು. ಅದನ್ನೂ ಪ್ರದರ್ಶನವೆಂದೇ ತಿಳಿದಿದ್ದರು. ಈಗ ಪ್ರತಿ ವಾರ ನಾನು ಸಿಟ್ಟಿನಿಂದ ಎದ್ದು ಗಾಜು ಮುಚ್ಚಬೇಕು. ಹಾಳೆಗಳನ್ನು ಕಚೇರಿಯವರೇ ಕತ್ತರಿಸಿ ಇಟ್ಟಿರುತ್ತಾರೆ.

ಮುತ್ತಜ್ಜಿ, ನಾನೀಗ ಬಸುರಿ. ಯಾರಿಗೂ ಹೇಳಿರಲಿಲ್ಲ, ಗಾಜಿನಾಚೆಯವರೇ ಗುರುತಿಸಿದರು. ನಿನ್ನೆ ಪಾರ್ವತಕ್ಕ ಬಂದು, “ಹೆರಿಗಿಗೆ ರಜಾ ಇಲ್ಲಂತ ತಂಗಿ. ಮೇಜಿನ ಹಂತೇಕನ ಮಂಚ ಹಾಕಿಸ್ತಾರಂತ,” ಎಂದು ನನ್ನ ಕೈ ಹಿಡಿದು ನಿಂತುಬಿಟ್ಟಳು. ನನ್ನ ಎದುರಿನ ಕಟ್ಟೆಗೆ ಆಗಲೇ ಹೊಸ ಮೆಟ್ಟಿಲು ಸೇರಿಸುತ್ತಿದ್ದಾರೆ.

ನಿಮ್ಮ ನಕ್ಷೆ ಇನ್ನೂ ಮುಗಿದಿಲ್ಲ. ಗಾಜು ಇರಲಿ, ಪ್ರದರ್ಶನವೂ ಇರಲಿ. ಒಂದೇ ಒಂದು ಕೋಣೆಗೆ ನಾಲ್ಕೂ ಕಡೆ ಇಟ್ಟಿಗೆಯ ಗೋಡೆ ಎಬ್ಬಿಸಿ, ಒಳಗಿನಿಂದ ಚಿಲಕ ಇಡಿಸಿ. ಜಾಗ ದಂಡ ಎಂದು ಮಾಲೀಕರು ರೇಗಿದರೆ ಸಾಮಾನಿನ ಕೋಣೆ ಎಂದುಬಿಡಿ. ನೀವು ಅಲ್ಲಿ ಕಟ್ಟಿಸಿದರೆ ಅದು ಇಲ್ಲಿರುತ್ತದೆ, ನಾಳೆ ಬೆಳಿಗ್ಗೆ ಗೋಡೆಗುಂಟ ಕೈಯಾಡಿಸುತ್ತ ಹುಡುಕುತ್ತೇನೆ. ಇದನ್ನೇ ಬೇಡಿ ಹಿಂದೊಮ್ಮೆ ಓಲೆ ಕಳಿಸಿದ ಮರುದಿನವೂ ಹುಡುಕಿದ್ದೆ. ಕೈಗೆ ಗಾಜೇ ತಗುಲಿತು.

ನಿಮ್ಮ
ನೀಲಾಂಬಿಕೆ