ಕಾರ್ಯದರ್ಶಿಯವರು ನಿಮಗೇನಾಗಬೇಕು?

ಗಾಲಿಮನೆ
ಭಾನುವಾರ, ಹನ್ನೆರಡನೇ ತಾರೀಖು

ನನ್ನ ಮನೆಯೊಡತಿಗೆ,

ಹೀಗೆ ಕರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ಎಂಬುದೇ ಈ ಪತ್ರದ ತಕರಾರು. ಸದ್ಯಕ್ಕೆ ಇದೆಯೆಂದು ಒಪ್ಪಿಕೊಂಡು ಮುಂದೆ ಓದು.

ನಾನು ಕ್ಷೇಮ. ನಿನ್ನ ಅಕ್ಕನ ಸೊಂಟವೂ ಕ್ಷೇಮವೆಂದು ಕೇಳಿದ್ದೇನೆ. ಆ ಸೊಂಟದ ಆಪರೇಷನ್ನಿಗೆಂದು ಒಂದು ಚೀಲ ಹಿಡಿದು ಹೋದವಳು ನೀನು. ಸೊಂಟ ನೆಟ್ಟಗಾಗಿ ಎಷ್ಟೋ ಕಾಲವಾಯಿತು, ಚೀಲ ಮಾತ್ರ ವಾಪಸು ಬರಲಿಲ್ಲ. ನಾವು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟು ಚೆನ್ನಾಗಿತ್ತು! ಯಾವ ಅಂಕದಲ್ಲಿ ಯಾವ ಮಾತಿಗೆ ನೀನು ಎದ್ದು ಹೋದೆ ಎಂದಾದರೂ ತಿಳಿಯುತ್ತಿತ್ತು. ಹೋಗಿಬರುತ್ತೇನೆ ಎಂದೇ ಹೋದೆ. ನಾನೂ ಹೂಂ ಎಂದೇ ಅಂದೆ.

ಫೋನಿನಲ್ಲಿ ಹೇಳೋಣವೆಂದರೆ ನೀನು ಫೋನು ಮಾಡುವುದು ನಮ್ಮ ಗಾಲಿಮನೆಯ ನರ್ಸಮ್ಮನಿಗೆ. ಎಷ್ಟು ಗಾಲಿಕುರ್ಚಿ ಎರವಲು ಹೋದವು, ಎಷ್ಟು ಒಳಗೆ ಬಂದವು, ಮುರಿದ ಮಂಚ ಯಾರ ಮನೆಯಲ್ಲಿದೆ, ಎಲ್ಲ ವಿಚಾರಿಸುತ್ತೀಯ. ಅವಳು ಮಾತಿನ ನಡುವೆ ನನ್ನ ಕಡೆ ತಿರುಗಿ, ಕೊಡಲಾ ಎಂದು ಕಣ್ಣಲ್ಲೇ ಕೇಳುತ್ತಾಳೆ. ಆ ಕ್ಷಣಕ್ಕೇ ನನಗೆ ಯಾವುದೋ ಚಕ್ರಕ್ಕೆ ಗಾಳಿ ಹೊಡೆಯುವ ತುರ್ತು ಬಂದುಬಿಡುತ್ತದೆ. ತುಂಬಿದ ಸಭೆಯ ಕೊನೆಯ ಸಾಲಿಗೂ ಕೇಳುವಂತೆ ಗುಡುಗಿದ ಗಂಟಲು ಇದು. ಅಂಗೈಯಗಲದ ಯಂತ್ರದೆದುರು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಈ ಪತ್ರ. ಪರದೆ ಏಳಲಿ.

ಶೆಡ್ಡಿನ ಯಜಮಾನರು ತೀರಿಕೊಂಡದ್ದು ನಿನಗೆ ಗೊತ್ತು. ನಮ್ಮ ನಾಟಕ ಕಂಪನಿ ಮುಚ್ಚಿದಾಗ, ಪರದೆ ಬರೆಯುತ್ತಿದ್ದ ಈ ಉದ್ದನೆಯ ಶೆಡ್ಡನ್ನು ಕಾಯಿಲೆಯವರಿಗೆ ಗಾಲಿಕುರ್ಚಿ ಎರವಲು ಕೊಡುವ ಕೆಲಸಕ್ಕೆ ಇಟ್ಟುಕೊಳ್ಳಿ, ಯಾರು ಬಂದು ಕೇಳುತ್ತಾರೆ ಎಂದಿದ್ದರು. ಈಗ ಕೇಳುವವನು ಬಂದಿದ್ದಾನೆ. ಮೊಮ್ಮಗ. ಕೆಟ್ಟವನೇನಲ್ಲ. ಕೂತುಕೊಳ್ಳಪ್ಪ ಎಂದರೆ ಸುತ್ತಲೂ ಗಾಲಿಕುರ್ಚಿಗಳೇ ಇರುವುದನ್ನು ಕಂಡು ಹೆದರಿ ನಿಂತೇ ಮಾತಾಡಿದ. ಕಾಗದಪತ್ರವಿದ್ದರೆ ತೋರಿಸಿ, ಇಲ್ಲದಿದ್ದರೆ ಬೇಸಿಗೆ ಮುಗಿಯುವುದರೊಳಗೆ ಜಾಗ ಬಿಡಿ ಎಂದ. ಕಾಗದವೆಲ್ಲಿದೆ ನಮ್ಮಲ್ಲಿ? ಇದ್ದದ್ದು ಆ ಹಿರಿಯರ ಮಾತು. ಅದನ್ನು ಅವರು ಜೊತೆಗೇ ತೆಗೆದುಕೊಂಡು ಹೋದರು.

ಶೆಡ್ಡು ಹೋದರೆ ಗಾಲಿಮನೆ ಹೋಯಿತು. ಕುರ್ಚಿ, ಏರಿಳಿಸುವ ಮಂಚ, ಉಸಿರಾಟದ ಯಂತ್ರ, ಗೋಡೆಗೊರಗಿದ ಊರುಗೋಲುಗಳ ಕಾಡು, ಇವನ್ನೆಲ್ಲ ನಮ್ಮ ಎರಡು ಕೋಣೆಯ ಮನೆಯಲ್ಲಿ ಇಡಲೇ? ಒಬ್ಬ ಗಟ್ಟಿ ವಕೀಲರು ಬೇಕು ಎಂದು ಒಬ್ಬ ಗಟ್ಟಿ ವಕೀಲರ ಬಾಗಿಲಿಗೆ ಹೋದೆ. ಅವರ ಗುಮಾಸ್ತ ಶುಲ್ಕ ಹೇಳಿದ. ಮೆಟ್ಟಿಲಿಳಿದು ಬಂದೆ.

ಆಗ ನಮ್ಮ ನರ್ಸಮ್ಮ ರಂಗಪ್ರವೇಶ ಮಾಡಿ, ವೃತ್ತಿಪರ ಸೇವಾ ಅನುದಾನ ಎಂಬುದೊಂದಿದೆ, ಅರ್ಜಿ ಹಾಕೋಣ ಎಂದಳು. ಅನುದಾನ ಎಂದೊಡನೆ ನಾನು ಅಟ್ಟ ಹಾರುವಂತೆ ನಕ್ಕೆ. ಎಷ್ಟು ಕೊಡುತ್ತಾರೆ ಎಂದೆ. ದುಡ್ಡು ಕೊಡುವುದಿಲ್ಲ ಎಂದಳು. ದುಡ್ಡು ಕೊಡದಿದ್ದರೆ ಅದು ಅನುದಾನ ಹೇಗಾಯಿತು ಎಂದೆ. ವಕೀಲರನ್ನು ಕೊಡುತ್ತಾರೆ ಎಂದಳು. ಇಟ್ಟುಕೊಳ್ಳುವುದಕ್ಕಾ ಎಂದು ಬಣ್ಣದ ಮಾವ ಕೇಳಿದ. ನಮ್ಮ ಕಂಪನಿಯಲ್ಲಿ ಎಲ್ಲರ ಮುಖಕ್ಕೂ ಬಣ್ಣ ಹಚ್ಚಿದ ಆ ಮನುಷ್ಯ ಸಮಿತಿಯ ಮೂರನೆಯ ಸದಸ್ಯನಾದರೂ ಬುದ್ಧಿ ಹಾಗೇ ಇದೆ. ಇಷ್ಟು ಅರ್ಥವಾಯಿತು: ವಕೀಲರು, ಲೆಕ್ಕಿಗರು, ಕಟ್ಟಡದ ನಕ್ಷೆ ಹಾಕುವವರು, ಇಂಥ ಕಲಿತವರು ನಮ್ಮಂಥ ಸಂಸ್ಥೆಗೆ ಒಂದು ಕೆಲಸವನ್ನು ಸಂಬಳವಿಲ್ಲದೆ ಮಾಡಿ ಮುಗಿಸಿಕೊಡುತ್ತಾರೆ. ಅವರ ದುಡಿಮೆಯೇ ದಾನ. ಇಷ್ಟು ಅರ್ಥವಾಗುವ ಹೊತ್ತಿಗೆ ಟೀ ಆರಿತ್ತು.

ಇನ್ನು ಅರ್ಹತೆ. ಅಯ್ಯೋ, ಆ ಅರ್ಹತೆಯನ್ನು ಏನೆಂದು ಬಣ್ಣಿಸಲಿ! ಸಂಸ್ಥೆ ನೋಂದಣಿಯಾಗಿರಬೇಕು. ಆಗಿದೆ, ನಿನ್ನ ಪುಣ್ಯ. ಕಳೆದ ಮೂರು ವರ್ಷದ ಲೆಕ್ಕ ಆಡಿಟ್ ಆಗಿರಬೇಕು. ಆಗಿದೆ, ಅದೂ ನೀನು ನರ್ಸಮ್ಮನ ಕಿವಿ ಹಿಂಡಿದ್ದರಿಂದ. ಸಂಬಳದ ಮೇಲೆ ಒಬ್ಬರಾದರೂ ಇರಬೇಕು, ನರ್ಸಮ್ಮ ಇದ್ದಾಳೆ. ಒಂದೇ ಒಂದು ಕೆಲಸ ಕೇಳಬೇಕು. ಅದಕ್ಕಾಗಿ ನಮ್ಮಲ್ಲೊಬ್ಬರು ವಾರವಾರ ವಕೀಲರ ಜೊತೆ ಕೂರಬೇಕು. ಅವರು ಹೋದಮೇಲೆ ಆ ಕೆಲಸವನ್ನು ನಾವೇ ನಡೆಸಿಕೊಂಡು ಹೋಗುವ ತಾಕತ್ತಿರಬೇಕು. ಅಂದರೆ ಕೈ ಖಾಲಿ ಇರಬೇಕು, ಆದರೆ ಕೈಲಾಗದವರಾಗಿರಬಾರದು. ಕೊರತೆ ಇರಬೇಕು, ಅಸ್ತವ್ಯಸ್ತ ಇರಬಾರದು. ಬಣ್ಣದ ಮಾವ ಪೂರ್ತಿ ಕೇಳಿ, "ನಾವು ಎಷ್ಟು ಸೊಟ್ಟಗಿದ್ರೆ ನೆಟ್ಟಗಿದ್ದ ಹಾಗೆ?" ಎಂದ.

ಅರ್ಜಿ ಹಾಕಿದೆವು. ಸ್ಥಳ ಪರಿಶೀಲನೆಗೆ ಅನುದಾನದವರ ಕಡೆಯಿಂದ ಒಬ್ಬ ಮೇಡಂ ಬರುತ್ತಾರೆಂದು ತಿಳಿಯಿತು. ಕೂಡಲೇ ನಾನು ತಾಲೀಮು ಶುರುಮಾಡಿದೆ.

ಹಣೆ ಚಚ್ಚಿಕೊಳ್ಳಬೇಡ. ನಮಗೆ ಬೇರೇನು ಬರುತ್ತದೆ ಹೇಳು? ರಾಜನ ಪಾತ್ರದವನು ಹರಕು ಪಂಚೆಯಲ್ಲಿ ಬಂದರೆ ಯಾವ ಪ್ರೇಕ್ಷಕ ರಾಜನೆಂದು ನಂಬುತ್ತಾನೆ? ಹಾಗೆಯೇ ಸಂಸ್ಥೆ ಸಂಸ್ಥೆಯ ಹಾಗೆ ಕಾಣಬೇಕು ಎಂದುಕೊಂಡೆ. ಮಾವನ ಕಿವಿಯ ಮೇಲಿನ ಕೂದಲಿಗೆ ಬೆಳ್ಳಿ ಹಚ್ಚಿಸಿ, ಮೂಗಿನ ಮೇಲೆ ಕನ್ನಡಕ ಏರಿಸಿ, ಹಣಕಾಸಿನ ಮುಖ್ಯಸ್ಥನನ್ನಾಗಿ ಮಾಡಿದೆ. ಗಾಲಿ ರಿಪೇರಿ ಮಾಡುವ ನಮ್ಮ ಬಡಗಿಗೆ ಪೆಟ್ಟಿಗೆಯಿಂದ ಕರಿ ಕೋಟು ತೆಗೆದು ತೊಡಿಸಿ ಕಾನೂನು ಸಲಹೆಗಾರನ ಪಟ್ಟ ಕಟ್ಟಿದೆ. ಅವನಿಗೆ ಮಾತು ಕಡಿಮೆ ಇಟ್ಟಿದ್ದೆ. ಯಾರು ಏನು ಕೇಳಿದರೂ ಪರಿಶೀಲನೆಯಲ್ಲಿದೆ ಎನ್ನಬೇಕು, ಅಷ್ಟೇ. ನರ್ಸಮ್ಮ ಬೇಡ ಸಾರ್ ಬೇಡ ಸಾರ್ ಎನ್ನುತ್ತಲೇ ಇದ್ದಳು. ಒಳ್ಳೆಯ ನಿರ್ದೇಶಕ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೇಡಂ ಬಂದರು. ಸಣ್ಣ ವಯಸ್ಸು, ದಪ್ಪ ಅಟ್ಟೆಯ ಬೂಟು, ಬೆನ್ನಿಗೆ ಚೀಲ. ಆಟ ಅದ್ಭುತವಾಗಿ ನಡೆಯಿತು! ಮಾವ ಲೆಕ್ಕದ ಕುರಿತು ಗಂಭೀರವಾಗಿ ಗಂಟಲು ಸರಿಮಾಡಿಕೊಂಡ. ಬಡಗಿ ಪರಿಶೀಲನೆಯಲ್ಲಿದೆ ಎಂದು ಮೂರು ಕಡೆ ಸರಿಯಾದ ಜಾಗದಲ್ಲೇ ಹೇಳಿದ. ನಾನು ಸ್ವಾಗತ ಭಾಷಣ ಮಾಡಿದಾಗ ಆ ಹುಡುಗಿಯ ಕಣ್ಣರಳಿತು. ಎಲ್ಲ ಮುಗಿದ ಮೇಲೆ ಮೇಡಂ ಬಹಳ ಮರ್ಯಾದೆಯಿಂದ ಹೇಳಿದರು, ನಿಮ್ಮ ಸಂಸ್ಥೆ ತುಂಬ ಚೆನ್ನಾಗಿ ನಡೀತಿದೆ, ನಿಮಗೆ ನಮ್ಮ ಸಹಾಯ ಬೇಕಿಲ್ಲ, ನಿಮ್ಮಲ್ಲೇ ವಕೀಲರಿದ್ದಾರಲ್ಲ ಎಂದು.

ನನ್ನ ಕಾಲ ಕೆಳಗಿನ ಹಲಗೆ ಜಾರಿತು. ಅಷ್ಟರಲ್ಲಿ ಒಬ್ಬ ಹೆಂಗಸು ಗಂಡನನ್ನು ಕುರ್ಚಿಯಲ್ಲಿ ತಳ್ಳಿಕೊಂಡು ಬಾಗಿಲಿಗೆ ಬಂದಳು. ಮುಂದಿನ ಗಾಲಿ ಕಚ್ಚಿಕೊಂಡು ತಿರುಗುತ್ತಲೇ ಇರಲಿಲ್ಲ. ನಮ್ಮ ಕಾನೂನು ಸಲಹೆಗಾರ ಒಂದು ಕ್ಷಣ ನನ್ನ ಮುಖ ನೋಡಿದ, ಒಂದು ಕ್ಷಣ ಗಾಲಿ ನೋಡಿದ. ಕರಿ ಕೋಟಿನ ಒಳಜೇಬಿನಿಂದ ಸ್ಪ್ಯಾನರ್ ತೆಗೆದು ನೆಲಕ್ಕೆ ಕೂತೇಬಿಟ್ಟ. ಗಾಲಿ ತಿರುಗಿತು, ಆ ದಂಪತಿ ಹೋದರು. ಕೋಟಿಗೆಲ್ಲ ಗ್ರೀಸು. ಮೇಡಂ ಕೈಕಟ್ಟಿ ನನ್ನನ್ನೇ ನೋಡಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆಂದುಕೊಂಡರೆ ಬೈಯಲಿಲ್ಲ.

"ಸಾರ್, ವಕೀಲರು ಇಲ್ಲ ಅನ್ನೋರಿಗೇ ತಾನೇ ನಾವು ವಕೀಲರನ್ನ ಕೊಡೋದು," ಎಂದರು. "ಮೊದಲಿಂದ ಹೇಳಿ, ಈ ಸಲ ವೇಷ ಬೇಡ."

ಮಾವ ಕನ್ನಡಕ ತೆಗೆದಿಟ್ಟ. ಮೇಡಂ ಒಂದು ಗಾಲಿಕುರ್ಚಿಯಲ್ಲೇ ಕೂತು, ಮೊಮ್ಮಗ ಹೇಳಿದ್ದು, ಯಜಮಾನರು ಆಡಿದ್ದು, ಎಲ್ಲ ಬರೆದುಕೊಂಡರು. ಒಂದೊಂದೇ ಅರ್ಹತೆ ದಾಟುತ್ತ ಬಂದೆವು. ಕೊನೆಗೆ ಸಮಿತಿಯಲ್ಲಿ ಯಾರ್‍ಯಾರು ಎಂದು ಬಂತು. ಅಧ್ಯಕ್ಷ ನಾನು, ಸದಸ್ಯ ಮಾವ, ಕಾರ್ಯದರ್ಶಿ ನೀನು.

"ಕಾರ್ಯದರ್ಶಿಯವರು ನಿಮಗೇನಾಗಬೇಕು?" ಎಂದರು.

ಕಂಪನಿಯಲ್ಲಿ ಮಾತು ಮರೆತಾಗ ಪಕ್ಕದ ಪರದೆಯ ಮರೆಯಲ್ಲಿ ನಿಂತು ಎತ್ತಿಕೊಡುತ್ತಿದ್ದವಳು ನೀನು. ಅಭ್ಯಾಸಬಲ, ಎಡಕ್ಕೆ ತಿರುಗಿದೆ. ಅಲ್ಲಿ ಊರುಗೋಲುಗಳಿದ್ದವು. ನನ್ನ ಬದಲು ಮಾವ ಹೆಂಡತಿ ಎಂದ. ಅದೇ ಗಳಿಗೆಗೆ ನರ್ಸಮ್ಮ, ಈಗ ಬೇರೆ ಇದ್ದಾರೆ ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಮೇಡಂ ಬರೆಯುವುದನ್ನು ನಿಲ್ಲಿಸಿದರು.

ನಿಯಮ ಹೀಗಿದೆಯಂತೆ. ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಮನೆಯವರಾಗಿದ್ದರೆ ಅರ್ಜಿ ಅನರ್ಹ, ಅದು ಮನೆತನದ ಅಂಗಡಿ ಎನಿಸಿಕೊಳ್ಳುತ್ತದೆ. ನಾವು ಗಂಡಹೆಂಡತಿಯಾದರೆ ಮೂವರಲ್ಲಿ ಇಬ್ಬರಾದೆವು. ಆಗ ಒಬ್ಬರು ಇಳಿಯಬೇಕು. ಆ ಜಾಗಕ್ಕೆ ಪಕ್ಕದ ರಸ್ತೆಯ ನಿವೃತ್ತ ಹೆಡ್‌ಮಿಸ್ಸು ಬರಲು ಸಿದ್ಧರಿದ್ದಾರೆ. ಅಲ್ಲ, ಸಂಬಂಧ ಮುಗಿದಿದೆ ಎಂದಾದರೆ ಇಬ್ಬರೂ ಹಾಗೆಂದು ಬರೆದು ಸಹಿ ಹಾಕಬೇಕು. ಆಗ ಯಾರೂ ಇಳಿಯಬೇಕಾಗಿಲ್ಲ. ಈ ತಿಂಗಳೊಳಗೆ ಉತ್ತರ ಕೊಡಬೇಕು.

ನೋಡಿದೆಯಾ ಫಜೀತಿ? ನೀನು ನನ್ನವಳಲ್ಲ ಎಂದರೆ ನಾವಿಬ್ಬರೂ ಒಂದೇ ಮೇಜಿಗೆ ಕೂರಬಹುದು. ನನ್ನವಳು ಎಂದರೆ ಒಬ್ಬರು ಎದ್ದು ಹೋಗಬೇಕು. ಎರಡು ದಿನದಿಂದ ಇದನ್ನು ತಿರುವಿ ಮುರುವಿ ನೋಡುತ್ತಿದ್ದೇನೆ. ಒಮ್ಮೆ ಸಂಬಂಧವಿಲ್ಲ ಎನ್ನುವುದೇ ಜಾಣತನ ಎನಿಸುತ್ತದೆ. ನೀನು ಅಲ್ಲಿ, ನಾನು ಇಲ್ಲಿ, ಸುಳ್ಳೇನಿದೆ ಅದರಲ್ಲಿ? ಮತ್ತೊಮ್ಮೆ, ನಿನ್ನ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯುವ ತಾರೀಖು ನನಗ್ಯಾಕೆ ನೆನಪಿದೆ ಎನಿಸುತ್ತದೆ. ಬಾಗಿಲ ಬಳಿ ಅಧ್ಯಕ್ಷರು ಎಂಬ ಫಲಕದ ಕೆಳಗೆ ಕೂತು ಅಭ್ಯಾಸವಾದವನು ನಾನು, ಅದನ್ನು ಬಿಡಲು ಮನಸ್ಸಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಆ ಪಾತ್ರವೂ ಇಲ್ಲದಿದ್ದರೆ ಬೆಳಗ್ಗೆ ಎದ್ದು ಯಾವ ಬಟ್ಟೆ ಹಾಕಿಕೊಳ್ಳಬೇಕೆಂದೂ ತಿಳಿಯದು.

ಆದ್ದರಿಂದ ನಿರ್ಧಾರ ನಿನಗೇ ಬಿಟ್ಟಿದ್ದೇನೆ. ಒಂದು ಸಾಲು ಬರೆದು ಕಳಿಸು. ನೀನು ಹೇಗೆಂದರೆ ಹಾಗೆ. ನನಗೆ ಎರಡೂ ಒಂದೇ.

ಸಂಜೆ ಹೊತ್ತು ನಾನು ವಾಕರು ಹಿಡಿದು ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆಂದು ನರ್ಸಮ್ಮ ನಿನಗೆ ಚಾಡಿ ಹೇಳಿರಬಹುದು. ನಂಬಬೇಡ. ವಾಕರಿನ ಕಾಲಿನ ರಬ್ಬರು ಸವೆದಿದೆಯೋ ಎಂದು ಪರೀಕ್ಷೆ ಮಾಡುವುದು ಅದು.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇಂತು, ಉತ್ತರಕ್ಕೆ ಕಾಯುತ್ತಿರುವ,
ಗಾಲಿಮನೆಯ ಅಧ್ಯಕ್ಷ

ಮರೆತ ಮಾತು: ಇವತ್ತು ಮಂಗಳವಾರ. ಪತ್ರ ಎರಡು ದಿನ ಜೇಬಿನಲ್ಲೇ ಇತ್ತು, ಅಂಚೆಗೆ ಹಾಕಲು ಕೈ ಬರಲಿಲ್ಲ. ಬೆಳಗ್ಗೆ ಮೇಡಂ ಬೇರೇನೋ ಕೇಳಲು ಫೋನು ಮಾಡಿದರು. ನರ್ಸಮ್ಮ ಫೋನನ್ನು ನನ್ನ ಕಿವಿಗೆ ಒತ್ತಿದಳು. ಹತ್ತಿರದಲ್ಲಿ ಗಾಳಿ ಹೊಡೆಯಲು ಒಂದು ಗಾಲಿಯೂ ಇರಲಿಲ್ಲ. ಕಾರ್ಯದರ್ಶಿಯವರು ನನ್ನ ಹೆಂಡತಿ ಎಂದೆ. ಗಂಟಲು ತೆರೆದು ಹೇಳಿದೆನಂತೆ, ಬಡಗಿ ಸುತ್ತಿಗೆ ಕೆಳಗಿಟ್ಟ. ಮಧ್ಯಾಹ್ನವೇ ನಾನು ರಾಜೀನಾಮೆ ಕೊಟ್ಟೆ. ಹೆಡ್‌ಮಿಸ್ಸು ನನ್ನ ಜಾಗಕ್ಕೆ ಬಂದರು. ಅಧ್ಯಕ್ಷೆಯಾಗಿ ನಿನ್ನ ಹೆಸರನ್ನು ಮಾವ ಸೂಚಿಸಿದ, ಹೆಡ್‌ಮಿಸ್ಸು ಒಪ್ಪಿದರು, ನೀನು ಒಪ್ಪಿದರೆ ಎಂಬ ಷರತ್ತಿನ ಮೇಲೆ. ಅರ್ಹತೆ ಸಿಕ್ಕಿತು. ಅರ್ಹತೆ ಬೇರೆಯಂತೆ, ಆಯ್ಕೆ ಬೇರೆಯಂತೆ, ಅದೂ ನನಗೆ ಸರಿಯಾಗಿ ಅರ್ಥವಾಗಿಲ್ಲ. ಮುಂದಿನ ಗುರುವಾರ ಹತ್ತು ಗಂಟೆಗೆ ವಕೀಲರು ಸಮಿತಿಯನ್ನು ನೋಡಲು ಬರುತ್ತಾರೆ. ನಾನು ಒಳಗೆ ಕೂರುವ ಹಾಗಿಲ್ಲ, ಬಾಗಿಲಲ್ಲಿರುತ್ತೇನೆ. ಮೇಲೆ ನನಗೆ ಎರಡೂ ಒಂದೇ ಎಂದು ಬರೆದದ್ದನ್ನು ಹೊಡೆದುಹಾಕಿ ಓದು. ಫೋನಿನಲ್ಲಿ ನಾನು ಹೇಳಿದ್ದು ತಪ್ಪಾಗಿದ್ದರೆ, ಗುರುವಾರ ಬಂದು ತಿದ್ದು.