ನಾನೇ ಒತ್ತಿದ ‘ಸರಿ’

ಭಾನುವಾರ, ಬೆಳಿಗ್ಗೆ ಏಳು ಗಂಟೆ

ಪ್ರೀತಿಯ ಪುಟ್ಟಿ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡೂ ಹರಿದು ಹಾಕದೆ ಒಡೆದೆಯಲ್ಲ, ನನಗೆ ಅಷ್ಟೇ ಸಾಕು. ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಮಾಡಿದ್ದು ಸರಿಯೇ. ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ. ನಮ್ಮ ಗಿರಾಕಿಗಳ ನಂಬರುಗಳನ್ನು ಪರರಿಗೆ ಕೊಟ್ಟವಳು ನೀನಲ್ಲ. ಕೊಟ್ಟದ್ದು ನಾನು, ನನ್ನ ಈ ಹೆಬ್ಬೆರಳು.

ಆ ದಿನ ನಡೆದದ್ದು ನಿನಗೆ ಗೊತ್ತು. ಆದರೂ ಒಮ್ಮೆ ನನ್ನ ಬಾಯಿಂದ ಬರಲಿ. ಹನ್ನೊಂದು ವರ್ಷ ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕೂತು ಹೊಲಿಗೆ ಮಷಿನ್ ರಿಪೇರಿ ಮಾಡಿದೆವು. ನೀನು ಬೇರೆ ಅಂಗಡಿ ಇಡುತ್ತೇನೆ ಎಂದು ಬಾಯಿಬಿಟ್ಟ ವಾರದಲ್ಲೇ ನಮ್ಮ ಗಿರಾಕಿಗಳಿಗೆಲ್ಲ ಯಾವುದೋ ರಿಪೇರಿ ಕಂಪನಿಯಿಂದ ಕರೆ ಬರತೊಡಗಿತು. ಗಾರ್ಮೆಂಟ್ ಶೆಡ್ಡಿನ ಮೂವತ್ತೆರಡು ಮಷಿನ್‌ಗಳ ಕೆಲಸ ನಮ್ಮ ಕೈಬಿಟ್ಟು ಹೋಯಿತು. ನಂಬರುಗಳಿದ್ದ ನೋಟ್‌ಬುಕ್ ನಿನ್ನದು. ನಾನು ಎರಡಕ್ಕೆ ಎರಡು ಕೂಡಿಸಿ, ಕೊಟ್ಟವಳು ನೀನೇ ಅಂದುಕೊಂಡೆ. ಅದೂ ಗಿರಾಕಿಗಳ ಎದುರಿಗೇ ನಿನ್ನನ್ನು ಕಳ್ಳಿ ಅಂದೆ. ನೀನು ಸ್ಕ್ರೂಡ್ರೈವರ್‌ಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆ. ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೂರು ತಿಂಗಳ ಮೇಲೆ ಒಂದು ದಿನ ಎದುರು ಕಟ್ಟಡದ ಮೂರನೇ ಮಹಡಿಯ ಹೆಂಗಸು ಅಂಗಡಿಗೆ ಬಂದರು. ಪ್ರತಿ ಸಲ ಮಷಿನ್ ಎಣ್ಣೆ ಪುಕ್ಕಟೆ ಕೇಳುತ್ತಾರಲ್ಲ, ಅವರೇ. ಫೋನನ್ನು ಮೇಜಿನ ಮೇಲಿಟ್ಟು ಒಂದು ಮೆಸೇಜ್ ತೋರಿಸಿದರು. ‘ನಮಸ್ಕಾರ ಜಿಪುಣಕ್ಕ ಮೂರನೇ ಮಹಡಿ ಅವರೇ, ನಿಮ್ಮ ಹೊಲಿಗೆ ಮಷಿನ್ ಕೆಟ್ಟಿದೆಯೇ? ನಾವಿದ್ದೇವೆ’ ಎಂದಿತ್ತು.

“ನಾನು ಮೂರನೇ ಮಹಡೀಲಿರೋದು ನಿಜ. ಹೆಸರಿನ ಆ ಮೊದಲನೇ ಪದ ಯಾರಿಟ್ಟಿದ್ದು ಅಂತ ಕೇಳೋಕೆ ಬಂದೆ” ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆ ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದು. ಗಿರಾಕಿಗಳಿಗೆ ಅಡ್ಡಹೆಸರಿಡಬೇಡ ಅಕ್ಕಾ ಎಂದು ಬುದ್ಧಿ ಹೇಳುತ್ತಿದ್ದವಳು ನೀನು. ನಿನ್ನ ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರೂ ಮರ್ಯಾದೆಯಿಂದ, ಗುಂಡು ಅಕ್ಷರದಲ್ಲಿವೆ. ಜಿಪುಣಕ್ಕ ಎಂಬ ಹೆಸರು ಇದ್ದದ್ದು ಜಗತ್ತಿನಲ್ಲಿ ಒಂದೇ ಕಡೆ, ನನ್ನ ಫೋನಿನಲ್ಲಿ.

ಕೂತಲ್ಲೇ ಅತ್ತುಬಿಟ್ಟೆ. ಆಕೆಗೆ ಎಲ್ಲ ಹೇಳಿಕೊಂಡೆ, ನಿನ್ನ ವಿಷಯವನ್ನೂ. ಆಕೆ ಮೂವತ್ತು ವರ್ಷ ಒಂದು ಕಚೇರಿಯ ದಾಖಲೆ ಕೋಣೆ ನೋಡಿಕೊಂಡವರಂತೆ. ಯಾವ ಕಡತ ಯಾರ ಕೈಗೆ ಹೋಗಬೇಕು, ಯಾರ ಕೈಗೆ ಹೋಗಬಾರದು ಎಂಬುದೇ ಅವರ ಕೆಲಸವಾಗಿತ್ತು. ಕನ್ನಡಕ ಏರಿಸಿ, “ಅಳೋದು ಆಮೇಲೆ. ಸೆಟ್ಟಿಂಗ್ಸ್ ತೆಗಿ. ಅದರಲ್ಲಿ ಪರ್ಮಿಷನ್ ಅಂತ ಇರತ್ತೆ ನೋಡು” ಎಂದರು.

ಪುಟ್ಟಿ, ಆ ಪಟ್ಟಿಯನ್ನು ಬೆರಳಿಟ್ಟು ಎರಡು ಸಲ ಓದಿದೆ. ನನ್ನ ಕಾಂಟ್ಯಾಕ್ಟ್ಸ್ ನೋಡಲು ಒಂಬತ್ತು ಆ್ಯಪ್‌ಗಳಿಗೆ ಅನುಮತಿ ಇತ್ತು. ಫೋಟೋಗೆ ಚೌಕಟ್ಟು ಹಾಕುವ ಆ್ಯಪ್‌ಗೆ ಮೈಕ್ ಕೊಟ್ಟಿದ್ದೆ. ಬಿಡಿಭಾಗಗಳ ಕ್ಯಾಟಲಾಗ್ ಆ್ಯಪ್‌ ನೆನಪಿದೆಯಾ? ಏಜೆಂಟ್ ಬಂದು ನಗುನಗುತ್ತಾ ಹಾಕಿಕೊಟ್ಟನಲ್ಲ, ಅದು ನಂಬರುಗಳು, ನಾನಿರುವ ಜಾಗ, ಮೈಕ್ ಎಲ್ಲವನ್ನೂ ಹಿಡಿದು ಕೂತಿತ್ತು. ಅವನು ‘ಎಲ್ಲದಕ್ಕೂ ಸರಿ ಅಂತ ಒತ್ತಿ ಮೇಡಂ’ ಅಂದಿದ್ದ, ನಾನು ಒತ್ತಿದ್ದೆ. ಕೋಣ ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ಆ ಕಂಪನಿಯವರೇ ಈಗ ರಿಪೇರಿಗೂ ಇಳಿದಿದ್ದರು.

“ಸೂಜಿ ಬೆಲೆ ನೋಡೋ ಆ್ಯಪ್‌ಗೆ ನಿನ್ನ ಮಾತು ಯಾಕೆ ಕೇಳಿಸ್ಬೇಕು?” ಎಂದರು ಆಕೆ. ಒಂದೊಂದು ಆ್ಯಪ್‌ಗೂ ಅದೇ ಪ್ರಶ್ನೆ. ನಿನ್ನ ಕೆಲಸವೇನು, ಅದಕ್ಕೆ ಇದು ಬೇಕಾ? ಮ್ಯಾಪ್‌ಗೆ ಜಾಗ ಬೇಕು, ಆದರೆ ಬಳಸುವಾಗ ಮಾತ್ರ. ವಿಡಿಯೊ ಕರೆಗೆ ಕ್ಯಾಮೆರಾ ಬೇಕು, ಇರಲಿ. ಉಳಿದವಕ್ಕೆ ಬೇಡ, ಬೇಡ, ಬೇಡ. ಕ್ಯಾಟಲಾಗ್ ಕೆಟ್ಟುಹೋದರೆ ಎಂದು ಹೆದರುತ್ತಲೇ ಒತ್ತಿದೆ. ತೆರೆದು ನೋಡಿದರೆ ಸೂಜಿ, ಬಾಬಿನ್, ಬೆಲ್ಟ್ ಎಲ್ಲ ಮೊದಲಿನ ಹಾಗೇ ಕಾಣುತ್ತಿದ್ದವು. ಅದಕ್ಕೆ ನನ್ನ ಗಿರಾಕಿಗಳ ನಂಬರು ಯಾವತ್ತೂ ಬೇಕಿರಲಿಲ್ಲ.

ಆದರೆ ಈಗ ಬಾಗಿಲು ಹಾಕಿದರೆ ಮೊದಲೇ ಹೊರಗೆ ಹೋದದ್ದು ವಾಪಸ್ ಬರುವುದಿಲ್ಲ ಎಂದೂ ಆಕೆಯೇ ಹೇಳಿದರು. ನನ್ನ ಪಟ್ಟಿಯನ್ನು ಅಳಿಸಿಹಾಕಿ, ಅಳಿಸಿದ್ದನ್ನು ಬರಹದಲ್ಲಿ ತಿಳಿಸಿ ಎಂದು ಕಂಪನಿಗೆ ಕಾಗದ ಬರೆಸಿದರು. ಏಜೆಂಟ್ ಓಡಿಬಂದ. “ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ ಮೇಡಂ” ಎಂದ. ಅಷ್ಟರಲ್ಲಿ ನಾನು ಸಾಲಿನ ಅಂಗಡಿಯವರೆಲ್ಲರ ಫೋನ್ ತೆರೆಸಿ ನೋಡಿದ್ದೆ. ಆ ಆ್ಯಪ್ ಇದ್ದ ಎಂಟು ಜನ ದರ್ಜಿಗಳು, ರಿಪೇರಿಯವರು ನನ್ನ ಬೆನ್ನ ಹಿಂದೆ ನಿಂತಿದ್ದರು. ನಾನು ಹೇಳಿದೆ, “ಮಷಿನ್ ರಿಪೇರಿಗೆ ಅಂತ ಮನೆಯೊಳಗೆ ಕರೀತಾರೆ. ಹಾಗಂತ ನಾವು ಅವರ ಬೀರು ತೆಗೆದು ನೋಡ್ತೀವಾ?” ಅವನು ಬೆವರು ಒರೆಸಿಕೊಂಡ. ನಾವು ಒಂಬತ್ತೂ ಜನ ಒಟ್ಟಿಗೆ, ಪಟ್ಟಿ ಅಳಿಸದಿದ್ದರೆ ಬಿಡಿಭಾಗ ಬೇರೆಯವರ ಹತ್ತಿರ ತರುತ್ತೇವೆ ಎಂದೆವು.

ಹದಿಮೂರನೇ ದಿನ ಕಾಗದ ಬಂತು. ಪಟ್ಟಿ ಅಳಿಸಿದ್ದಾರೆ, ಕ್ಷಮೆಯನ್ನೂ ಕೇಳಿದ್ದಾರೆ. ಮೆಸೇಜುಗಳು ನಿಂತಿವೆ. ಕ್ಯಾಟಲಾಗಿನ ಹೊಸ ಆ್ಯಪ್‌ನಲ್ಲಿ ಕಾಂಟ್ಯಾಕ್ಟ್ಸ್ ಕೇಳುವುದನ್ನೇ ಬಿಟ್ಟಿದ್ದಾರೆ. ನಮ್ಮ ಸಾಲು ಅವತ್ತು ಹಬ್ಬದ ಹಾಗಿತ್ತು. ಗಾರ್ಮೆಂಟ್ ಶೆಡ್ಡಿನ ಮೇಸ್ತ್ರಿ ತಾನೇ ಬಂದು ಮೂವತ್ತೆರಡು ಮಷಿನ್‌ಗಳನ್ನೂ ವಾಪಸ್ ಒಪ್ಪಿಸಿ ಹೋದ. ಈಗ ಹೊಸ ಆ್ಯಪ್ ಹಾಕಿಕೊಳ್ಳುವ ಮುಂಚೆ ಪಕ್ಕದ ಚಪ್ಪಲಿ ಅಂಗಡಿಯವನೂ ನನ್ನ ಹತ್ತಿರ ಬರುತ್ತಾನೆ. ನಾನು ಕನ್ನಡಕ ಏರಿಸಿ, ಇದರ ಕೆಲಸವೇನು ಎಂದು ಕೇಳುತ್ತೇನೆ. ನೀನು ನೋಡಿದ್ದರೆ ನಗುತ್ತಿದ್ದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ನಿನ್ನ ಮೇಲೆ ಆ ಮಾತನ್ನು ಯಾರ ಯಾರ ಹತ್ತಿರ ಆಡಿದ್ದೆನೋ ಅವರೆಲ್ಲರ ಬಾಗಿಲಿಗೆ ಹೋಗಿ, ತಪ್ಪು ನನ್ನದು, ನನ್ನ ತಂಗಿಯದಲ್ಲ ಎಂದು ಹೇಳಿಬಂದೆ. ಹದಿನೇಳು ಮನೆ. ಏಜೆಂಟ್‌ನ ಎದುರು ನಿಲ್ಲುವುದು ಅದಕ್ಕಿಂತ ಸಲೀಸಾಗಿತ್ತು.

ಬೇರೆ ಅಂಗಡಿ ಇಡುವ ಆಸೆ ನಿನಗೆ ಈಗಲೂ ಇದ್ದರೆ ಇಡು. ಶೆಡ್ಡಿನ ಅರ್ಧ ಮಷಿನ್‌ಗಳು ನಿನ್ನವು ಎಂದು ಮೇಸ್ತ್ರಿಗೆ ಹೇಳಿದ್ದೇನೆ.

ನಿನ್ನ ಕ್ಷಮೆಗೆ ಕಾದಿರುವ,
ಅಕ್ಕ

ಮರೆತ ಮಾತು: ಲಕೋಟೆಯ ಮೇಲೆ ಅಂಚೆ ಚೀಟಿ ಇಲ್ಲದ್ದನ್ನು ನೀನು ಗಮನಿಸಿರಲಿಕ್ಕಿಲ್ಲ. ಬಾಗಿಲ ಸಂದಿಯಲ್ಲಿ ತಳ್ಳಿದವಳು ನಾನೇ. ನೀನು ಓದುತ್ತಿರುವಾಗ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ಬಾಗಿಲು ತಟ್ಟುವುದಿಲ್ಲ. ತೆಗೆಯುವುದು, ಬಿಡುವುದು ನಿನ್ನಿಷ್ಟ. ನನಗೆ ಇವತ್ತು ಬೇರೆ ಕೆಲಸವಿಲ್ಲ.